ಅಕ್ಕ ಎಣಿಸಿದ ನಕ್ಷತ್ರ

ಆಲ್ಫಾ ಸೆಂಟಾರಿ ಬರಿಗಣ್ಣಿಗೆ ಒಂದೇ ನಕ್ಷತ್ರ, ದೂರದರ್ಶಕದಲ್ಲಿ ಎರಡು. ಕಟ್ಟುನಿಟ್ಟಾಗಿ ಹೇಳುವುದಾದರೆ ಮೂರು, ಆದರೆ ಮೂರನೆಯದು ನನ್ನಂಥವರ ಸಲಕರಣೆಗೆ ಸಿಕ್ಕುವುದಿಲ್ಲ. ಶಾಲೆಯ ಕೆಲಸ ಬಿಟ್ಟ ಮೇಲೆ ನಾನು ಕೊಂಡ ಏಕೈಕ ಅನಗತ್ಯ ವಸ್ತು ಆ ದೂರದರ್ಶಕ. ಮೆಟ್ಟೂರಿನ ನನ್ನ ಮನೆಯ ದಕ್ಷಿಣಕ್ಕೆ ನೆರೆಯವರು ಮಹಡಿ ಎಬ್ಬಿಸಿದ್ದರಿಂದ, ಆಷಾಢದ ಒಂದು ಸಂಜೆ ಅದನ್ನು ಬಸ್ಸಿನಲ್ಲಿ ಸೇಲಂಗೆ ಒಯ್ದು ಅಕ್ಕನ ಮಾಳಿಗೆಯ ಮೇಲೆ ನಿಲ್ಲಿಸಿದೆ.

ಅಕ್ಕ ನಲವತ್ತು ವರ್ಷಗಳಿಂದ ರೇಷ್ಮೆ ಸೀರೆ ನೇಯುತ್ತಿದ್ದಾಳೆ. ಅವಳನ್ನು ಮೇಲಕ್ಕೆ ಕರೆದು, ದಕ್ಷಿಣ ದಿಗಂತದ ಬಳಿ ಅಕ್ಕಪಕ್ಕ ಹೊಳೆಯುತ್ತಿದ್ದ ಎರಡು ನಕ್ಷತ್ರಗಳಲ್ಲಿ ಎಡಗಡೆಯ ಆಲ್ಫಾ ಸೆಂಟಾರಿಯನ್ನು ತೋರಿಸಿ ಪೀಠಿಕೆ ಆರಂಭಿಸಿದೆ.

“ಅದು ಒಂದೇ ಕಾಣ್ತದೆ, ಅಲ್ವಾ?”

“ಎಲ್ಲಿ ಒಂದು? ಎಲ್ಡು ಐತಲ್ಲಲೇ.”

“ಪಕ್ಕದ್ದ ಸೇರಿಸ್ಬೇಡಕ್ಕ.”

“ಅದ ಸೇರ್ಸಿದ್ರೆ ನಾಕು. ಮೇಷ್ಟ್ರಾಗಿದ್ದೋನಿಗೆ ಕೂಡೋಕೂ ಬರಾಕಿಲ್ವಾ?”

ಅವಳಿನ್ನೂ ದೂರದರ್ಶಕಕ್ಕೆ ಕಣ್ಣಿಟ್ಟಿರಲಿಲ್ಲ. ನಾನು ಕ್ರಮವಾಗಿ ಪರೀಕ್ಷಿಸಿದೆ. ಎಡಗಣ್ಣು ಮುಚ್ಚಿಸಿದರೆ ಎದುರು ಮನೆಯ ಬಲ್ಬು ಎರಡು; ಪಶ್ಚಿಮದ ಚಂದ್ರನೂ ಎರಡು. ಬಲಗಣ್ಣು ಮುಚ್ಚಿಸಿದರೆ ಎಲ್ಲವೂ ಮಂಜು.

“ಎಷ್ಟು ದಿನದಿಂದ?”

“ಪೊಂಗಲ್‌ನಿಂದ.”

“ಮಗ್ಗದಾಗೆ ಎಳೆನೂ ಎರಡೆರಡು ಕಾಣ್ತದಾ?”

“ಎಳೆ ಕಣ್ಣಾಗೆ ಹಿಡೀತಾರೇನ್ಲಾ? ಬೆರಳಾಗೆ. ಮಗಂಗೆ ಬಾಯಿ ಬಿಡ್ಬೇಡ, ನನ್ ಮ್ಯಾಲಾಣೆ. ಗೊತ್ತಾದ್ರೆ ಮಗ್ಗದಿಂದ ಎಬ್ಸಿ ಟಿವಿ ಮುಂದೆ ಕೂರಿಸ್ತಾನೆ.”

ಪೊರೆಯಿರಬಹುದು, ಪೊರೆ ತೆಗೆಯಬಹುದು, ತೆಗೆದ ಮೇಲೆ ಮತ್ತೆ ನೇಯಬಹುದು ಎಂದು ಮೂರು ಅಂಶಗಳನ್ನು ಕ್ರಮವಾಗಿ ವಿವರಿಸಿದೆ.

“ಡಾಕ್ಟ್ರು ಇನ್ನು ನೇಯ್ಬೇಡ ಅಂದ್ಬುಟ್ರೆ?”

ಆ ನಾಲ್ಕನೆಯ ಅಂಶವನ್ನು ಆಸ್ಪತ್ರೆಯಲ್ಲೇ ಕೇಳೋಣ ಎಂದೆ. ಮಗ್ಗದ ಮೇಲಿನ ಸೀರೆ ಮುಗಿದ ನಂತರ ಬರುತ್ತೇನೆ ಎಂದಳು. ಇನ್ನೂ ನಾಲ್ಕು ದಿನದ ನೇಯ್ಗೆಯಿತ್ತು. ನಾನು ಅಲ್ಲಿಯೇ ಉಳಿದು, ಮಗ್ಗದ ಪಕ್ಕದಲ್ಲಿ ಕುಳಿತು ತಪ್ಪು ಹುಡುಕಿದೆ. ಅದು ನನಗೆ ಅಭ್ಯಾಸವಿದ್ದ ಕೆಲಸ. ಸಿಕ್ಕಿದ್ದು ಒಂದು ಹರಿದ ಎಳೆ. ಅದೂ ನನ್ನ ಕೈಗಡಿಯಾರಕ್ಕೆ ಸಿಕ್ಕಿ ಹರಿದದ್ದು.

ಐದನೆಯ ಬೆಳಿಗ್ಗೆ ಅಕ್ಕ ಒಳ್ಳೆಯ ಸೀರೆ ಉಟ್ಟು ಹೊರಟಳು. ಮಗ ತಮಿಳಿನಲ್ಲಿ, “ಎಂಗಮ್ಮಾ ಪೋರೆ?” ಎಂದು ಕೇಳಿದ.

“ಕಣ್ಣಾಸ್ಪತ್ರೆಗೆ. ನಿಮ್ಮಾವಂಗೆ ಆಕಾಶದಾಗೆ ಒಂದಿರೋದು ಎಲ್ಡು ಕಾಣ್ತದಂತೆ. ಜತೆಗೆ ಓಗ್ತೀನಿ.”

ಸೋದರಳಿಯ ನನ್ನನ್ನು ಕನಿಕರದಿಂದ ನೋಡಿದ. “ಬಯಪಡ್ಬೇಡ ಮಾಮಾ, ಈಗ ಆಪರೇಷನ್ ಎಲ್ಲಾ ಈಜಿ.” ಸುಳ್ಳು ವಾಕ್ಯವೊಂದನ್ನು ತಿದ್ದದೆ ಬಿಟ್ಟದ್ದು ನನಗೆ ನೆನಪಿರುವಂತೆ ಅದೇ ಮೊದಲು. ಧನ್ಯವಾದ ಹೇಳಿ ಚಪ್ಪಲಿ ಮೆಟ್ಟಿದೆ.

ಆಸ್ಪತ್ರೆಯಲ್ಲಿ ಚೀಟಿ ಬರೆಯುವಾಕೆ, ತೋರಿಸಿಕೊಳ್ಳುವವರು ಯಾರು ಎಂದಳು. ಅಕ್ಕ ನನ್ನನ್ನು ನೋಡಿದಳು. ನಾನು ಗೋಡೆಯ ಮೇಲಿನ ಸೂಚನೆಗಳನ್ನು ಗಮನವಿಟ್ಟು ಓದುತ್ತಿದ್ದೆ. ಸಾಲಿನಲ್ಲಿ ಹಿಂದಿದ್ದವರು ಕೆಮ್ಮಿದರು. ಆಮೇಲೆ ಅಕ್ಕ ತನ್ನ ಹೆಸರು ಹೇಳಿದಳು, ವಯಸ್ಸನ್ನು ಎರಡು ವರ್ಷ ಇಳಿಸಿ. ಕೆಲಸ ಏನೆಂದು ಕೇಳಿದಾಗ ಮಾತ್ರ ತಡವರಿಸಲಿಲ್ಲ.

“ನೇಯೋದು,” ಎಂದಳು. “ಸರಿಯಾಗಿ ಬರ್ಕೊಳಮ್ಮಾ.”