ಹೊಸ ಫೋನು ಮುಚ್ಚಿಟ್ಟ ಅರವತ್ತೊಂದು ಕರೆ

ಬೆಳಗಿನ ಐದೂವರೆ. ಸಾಸಲು ಹೋಬಳಿಯ ಒಂದು ಪುಟ್ಟ ಊರಿನ ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ಮುನಿವೆಂಕಟಪ್ಪ ಮಂಡಿಯೂರಿ ಕೂತಿದ್ದಾರೆ. ಗುಂಡಿಯೊಳಗೆ ಉದ್ದನೆಯ ಕಬ್ಬಿಣದ ಕೀಲಿ ಇಳಿಸಿ ಎರಡೂ ಕೈಯಲ್ಲಿ ವಾಲ್ವ್ ತಿರುಗಿಸುತ್ತಾರೆ. ಪೈಪಿನಲ್ಲಿ ಮೊದಲು ಗಾಳಿ ಬುಸುಗುಡುತ್ತದೆ, ಆಮೇಲೆ ನೀರು ನುಗ್ಗುತ್ತದೆ. ಪೈಪಿನ ಮೇಲೆ ಅಂಗೈ ಇಟ್ಟು ನೋಡಿ, "ಹ್ಞೂಂ, ಹೊಂಟ್ತು" ಎನ್ನುತ್ತಾರೆ. ಮೇಲಿನ ಬೀದಿಯಲ್ಲಿ ಯಾರೋ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟ ಸದ್ದು ಕೇಳಿಸುತ್ತದೆ.

ಇವರು ಊರಿನ ನೀರುಗಂಟಿ. ಪಂಚಾಯಿತಿಯ ಕಾಗದದಲ್ಲಿ ವಾಟರ್‌ಮ್ಯಾನ್. ವಯಸ್ಸು ಐವತ್ತೆರಡು, ಈ ಕೆಲಸಕ್ಕೆ ಬಂದು ಹನ್ನೊಂದು ವರ್ಷ. ಮೂರು ಕೊಳವೆಬಾವಿ, ಒಂದು ಟ್ಯಾಂಕು, ಒಂಬತ್ತು ವಾಲ್ವ್ ಅವರ ಸುಪರ್ದಿಯಲ್ಲಿವೆ. ಊರಿನ ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ನಾನು ಇಲ್ಲಿಗೆ ಬಂದದ್ದು ಅವರ ಫೋನಿನ ಕಥೆ ಕೇಳಲು.

ಕೊಳವೆಬಾವಿಗಳು ಊರಿಂದ ದೂರ, ಒಂದೊಂದು ಒಂದೊಂದು ದಿಕ್ಕಿಗೆ. ಪ್ರತಿ ಮೋಟಾರಿನ ಸ್ಟಾರ್ಟರ್ ಡಬ್ಬಿಯಲ್ಲೂ ಒಂದು ಸಿಮ್ ಇದೆ. ಮೋಟಾರು ಓಡಲು ಬೇಕಾದ ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಆ ಡಬ್ಬಿ ಮುನಿವೆಂಕಟಪ್ಪನವರಿಗೆ ಫೋನ್ ಮಾಡುತ್ತದೆ. ಎತ್ತಿದರೆ ರೆಕಾರ್ಡ್ ಮಾಡಿದ ಹೆಣ್ಣು ದನಿ, ಕರೆಂಟ್ ಬಂದಿದೆ ಎನ್ನುತ್ತದೆ. ಇವರು ಒಂದನೇ ಅಂಕಿ ಒತ್ತಿದರೆ ಮೋಟಾರು ಓಡುತ್ತದೆ, ಟ್ಯಾಂಕು ತುಂಬುತ್ತದೆ. ಎತ್ತದಿದ್ದರೆ ಡಬ್ಬಿ ಮತ್ತೆ ಮತ್ತೆ ಕರೆಯುತ್ತದೆ. ಕರೆಂಟು ಬರುವುದು ಹೆಚ್ಚಾಗಿ ಸರಿರಾತ್ರಿಯಲ್ಲಿ, ಅದಕ್ಕೂ ಗೊತ್ತಾದ ಹೊತ್ತಿಲ್ಲ.

ಪೇಟೆಯ ಬುದ್ಧಿವಂತನಾದ ನಾನು, ಮೋಟಾರು ತಾನೇ ಶುರುವಾಗುವ ಹಾಗೆ ಇಡಬಾರದೇ ಎಂದು ಕೇಳುತ್ತೇನೆ. ಅವರು ನಗುತ್ತಾರೆ. "ಇಡ್ಬೋದು ಸಾರ್. ಆದ್ರೆ ನಮ್ ಬೋರು ಒಂದೇ ಸಮ ಎರಡು ಗಂಟೆ ಮೇಲೆ ಎಳೆಯೋ ಹಂಗಿಲ್ಲ. ನೀರು ಕೆಳೀಕೆ ಹೋಗ್ಬಿಡ್ತದೆ. ಸ್ವಲ್ಪ ಸುಧಾರಿಸ್ಕೊಳ್ಳೋಕೆ ಬಿಟ್ಟು ಮತ್ತೆ ಹಾಕ್ಬೇಕು. ಅದೆಲ್ಲ ಡಬ್ಬಿಗೆ ಏನ್ ಗೊತ್ತು?"

ಜೇಬಿನಿಂದ ಫೋನು ತೆಗೆದು ತೋರಿಸುತ್ತಾರೆ. ಪರದೆಯ ಮೂರನೇ ಒಂದು ಭಾಗ ಕಪ್ಪಾಗಿದೆ. ಹಿಂದಿನ ಮುಚ್ಚಳ ನಿಲ್ಲಲೆಂದು ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಇಡೀ ಊರಿನ ನೀರು ಈ ರಬ್ಬರ್ ಬ್ಯಾಂಡಿನಲ್ಲಿ ನಿಂತಿದೆಯೇ? ಕ್ಯಾಮೆರಾ ಚೆನ್ನಾಗಿದೆ ಎಂದು ಹೋದ ತಿಂಗಳು ಹೊಸ ಫೋನು ಕೊಂಡ ನಾನು, ಅದನ್ನು ಮೆಲ್ಲಗೆ ಬ್ಯಾಗಿನೊಳಗೆ ತಳ್ಳುತ್ತೇನೆ.

ಇವರೂ ಹೊಸದಕ್ಕೆ ಬದಲಾಗಿದ್ದರು, ನಾಲ್ಕೇ ದಿನದ ಮಟ್ಟಿಗೆ. ದಿನಾ ಟ್ಯಾಂಕಿನ ಮುಂದೆ ನಿಂತು ಮುಖದ ಫೋಟೋ ಹಾಕಿದರೆ ಮಾತ್ರ ಹಾಜರಿ ಎಂದು ಪಂಚಾಯಿತಿಯಲ್ಲಿ ಹೊಸ ಆ್ಯಪ್ ಬಂತು. ಅದು ಹಳೆಯ ಫೋನಿನಲ್ಲಿ ಕೂರಲೇ ಇಲ್ಲ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಮಗಳು ಸಿಂಧು ತನ್ನ ಸಂಬಳದಲ್ಲಿ ಹೊಸ ಮಾಡೆಲ್ ತಂದುಕೊಟ್ಟಳು. ಸಿಮ್ ಹಾಕಿದಳು, ದೊಡ್ಡ ಅಕ್ಷರ ಇಟ್ಟುಕೊಟ್ಟಳು. ಜೊತೆಗೆ, ಪ್ರೀತಿಗೆ, ಇನ್ನೊಂದು ಕೆಲಸವನ್ನೂ ಮಾಡಿದಳು. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಸದ್ದೇ ಆಗದಂತೆ ತಡೆದಳು.

"ಅಪ್ಪಂಗೆ ರಾತ್ರಿಯೆಲ್ಲ ನಿದ್ದೆ ಕೆಡುತ್ತೆ" ಎನ್ನುತ್ತಾಳೆ ಸಿಂಧು, ನೆಲ ನೋಡುತ್ತ. "ಮಧ್ಯಾಹ್ನ ಒಂಚೂರು ಮಲಗಿದ್ರೆ ಸಾಲ ಬೇಕಾ, ಸೈಟ್ ಬೇಕಾ ಅಂತ ಯಾರ್ಯಾರೋ ಫೋನ್ ಮಾಡ್ತಾರೆ. ಅವ್ರ ಕಾಟ ತಪ್ಪಲಿ ಅಂತ ಮಾಡ್ದೆ ಸಾರ್. ಬೋರಿನ ನಂಬರ್ ಸೇವ್ ಆಗೇ ಇಲ್ಲ ಅಂತ ನಂಗೇನ್ ಗೊತ್ತು?"

ಹೌದು, ಹನ್ನೊಂದು ವರ್ಷದಲ್ಲಿ ಮುನಿವೆಂಕಟಪ್ಪ ಆ ಮೂರು ನಂಬರುಗಳಿಗೆ ಹೆಸರೇ ಇಟ್ಟಿರಲಿಲ್ಲ. ಕೊನೆಯ ಎರಡು ಅಂಕಿ ನೋಡಿದರೆ ಅವರಿಗೆ ಸಾಕು. ನಲವತ್ತೆರಡು ಅಂದರೆ ಶಾಲೆ ಬೋರು, ಹದಿನೇಳು ಕೆರೆ ಬೋರು, ತೊಂಬತ್ತು ತೋಪಿನ ಬೋರು. "ನಮ್ಮನೆ ಹಸು ಗುರ್ತು ಹಿಡಿಯೋಕೆ ಚೀಟಿ ಅಂಟಿಸ್ಕೋತೀವಾ ಸಾರ್?" ಎಂದು ನನ್ನನ್ನೇ ಕೇಳುತ್ತಾರೆ. ಅವರಿಗೆ ಮನೆಯ ಹಸುವಿನಷ್ಟು ಗುರುತಿದ್ದ ನಂಬರುಗಳು ಹೊಸ ಫೋನಿಗೆ ಯಾರೋ ಅಪರಿಚಿತರಾಗಿಬಿಟ್ಟವು.

ಮೊದಲನೇ ಬೆಳಿಗ್ಗೆ ಎದ್ದಾಗ ಕಿಟಕಿಯಲ್ಲಿ ಬಿಸಿಲಿತ್ತು. "ನಾನು ಬೆಳಗಿನವರ್ಗೂ ಮಲಗ್ಬಿಟ್ಟಿದ್ದೆ! ಫೋನ್ ನೋಡಿದ್ರೆ ಒಂದು ಮಿಸ್ಡ್ ಕಾಲೂ ಇಲ್ಲ. ಓ, ರಾತ್ರಿ ಕರೆಂಟೇ ಕೊಟ್ಟಿಲ್ಲ ಅಂದ್ಕೊಂಡೆ." ಟ್ಯಾಂಕಿನಲ್ಲಿ ಉಳಿದಿದ್ದ ನೀರನ್ನು ಅರ್ಧರ್ಧ ಹಂಚಿದರು. ಎರಡನೇ ದಿನ ನಲ್ಲಿಗಳಲ್ಲಿ ಬರೀ ಗಾಳಿ. ಮೂರನೇ ದಿನ ಹೆಂಗಸರು ಕೊಡ ಹಿಡಿದು ತೋಟಗಳ ಪಂಪ್‌ಸೆಟ್ ಹುಡುಕಿಕೊಂಡು ಹೊರಟರು. ಏಪ್ರಿಲ್ ತಿಂಗಳ ಬಿಸಿಲು ಬೇರೆ.

ಆವತ್ತು ಮುನಿವೆಂಕಟಪ್ಪ ಸೀದಾ ಹೋಗಿ ಲೈನ್‌ಮ್ಯಾನ್ ಭಾನುಪ್ರಕಾಶ್ ಮೇಲೆ ಹರಿಹಾಯ್ದರು. ನಾಲ್ಕು ಜನರ ಮುಂದೆ, ಬಾಯಿಗೆ ಬಂದ ಹಾಗೆ. ಭಾನುಪ್ರಕಾಶ್ ಪಿಳಿಪಿಳಿ ನೋಡಿ ಹೇಳಿದ್ದು ಇಷ್ಟು: "ಏನಣ್ಣಾ ನೀನು? ಮೂರು ರಾತ್ರಿನೂ ಕೊಟ್ಟಿದ್ದೀವಲ್ಲ. ನಿನ್ನೆ ಎರಡರಿಂದ ಐದರವರ್ಗೂ ಇತ್ತು. ಎಲ್ರ ತೋಟಕ್ಕೂ ನೀರು ಹರಿದಿದೆ, ನೋಡೋಗು."

ಸಿಂಧು ಕೆಲಸದಿಂದ ಬಂದವಳೇ ಫೋನು ಕಿತ್ತುಕೊಂಡು ಹುಡುಕಿದಳು. ತಡೆದ ಕರೆಗಳ ಪಟ್ಟಿ ಬೇರೊಂದು ಕಡೆ ಇತ್ತು. ತೆರೆದಳು. ನಲವತ್ತೆರಡು, ಹದಿನೇಳು, ತೊಂಬತ್ತು. ಮತ್ತೆ ನಲವತ್ತೆರಡು, ಮತ್ತೆ ಹದಿನೇಳು. ಬೆರಳಿನಿಂದ ಎಷ್ಟು ಸರಿಸಿದರೂ ಮುಗಿಯದು. ಮೂರು ರಾತ್ರಿಗೆ ಅರವತ್ತೊಂದು ಕರೆ.

ನಾನು ಆ ಪಟ್ಟಿಯನ್ನು ಕಣ್ಣಾರೆ ನೋಡಿದೆ. ಊರು ಒಣಗುತ್ತಿರುವಾಗ ಕೊಳವೆಬಾವಿಗಳು ಅರವತ್ತೊಂದು ಸಲ ಕೂಗಿಕೊಂಡಿವೆ, ಹೊಸ ಫೋನು ಹಾಸಿಗೆಯ ಪಕ್ಕದಲ್ಲೇ ತೆಪ್ಪಗೆ ಕೂತಿದೆ. ಫೋನಿನ ಲೆಕ್ಕದಲ್ಲಿ ಅದು ಜಾಣತನ!

"ಭಾನುಪ್ರಕಾಶಂಗೆ ಬೈದ್ನಲ್ಲ ಸಾರ್, ಹೋಗಿ ಕೈ ಮುಗಿದೆ. ಅವ್ನು ಬಿಡಣ್ಣಾ ಅಂದ. ಆದ್ರೆ ಅಮ್ಮಯಮ್ಮ ಅಂದಿದ್ದು ಮಾತ್ರ ಮರೆಯಕ್ಕಾಗ್ತಿಲ್ಲ." ಅಮ್ಮಯಮ್ಮ ಮೇಲಿನ ಬೀದಿಯ ಕೊನೆಯ ಮನೆಯ ಒಂಟಿ ಮುದುಕಿ, ಎಂಬತ್ತರ ಹತ್ತಿರ. ಇವರನ್ನು ಕಂಡವರೇ ಕೈ ಹಿಡಿದುಕೊಂಡು, "ಬದುಕಿದ್ದೀಯೇನ್ಲಾ ಮುನಿವೆಂಕ್ಟಾ? ನಲ್ಲಿ ಬರ್ಲಿಲ್ಲ ಅಂದಾಗ ನೀನೇ ಹೋಗ್ಬಿಟ್ಟೆ ಅಂದ್ಕೊಂಡ್ನಲ್ಲೋ" ಎಂದು ಅತ್ತರಂತೆ. ಮುನಿವೆಂಕಟಪ್ಪ ಇದನ್ನು ಹೇಳಿ ಕಬ್ಬಿಣದ ಕೀಲಿಯನ್ನು ಸುಮ್ಮನೆ ಒರೆಸುತ್ತಾರೆ.

ಆ ಸಂಜೆಯೇ ಸಿಮ್ಮು ಹಳೆಯ ಫೋನಿಗೆ ವಾಪಸಾಯಿತು. ಆದರೆ ಹಳೆಯದು ಎಷ್ಟು ದಿನ ಬಂದೀತು? ಸಿಂಧು ಸೋಲೊಪ್ಪುವವಳಲ್ಲ. ತಡೆಯನ್ನೆಲ್ಲ ತೆಗೆದು, ಮೂರು ಬೋರಿಗೂ ಹೆಸರಿಟ್ಟು, ಒಂದು ಸಲ ಪರೀಕ್ಷೆ ಮಾಡು ಎಂದು ದುಂಬಾಲು ಬಿದ್ದಿದ್ದಾಳೆ. ಇವತ್ತು ಭಾನುವಾರ, ಅವಳಿಗೆ ರಜೆ. ಹಗಲಿನ ಕರೆಂಟಿಗೆ ಹೊಸ ಫೋನು ಏನು ಮಾಡುತ್ತದೋ ನೋಡೋಣವೆಂದು ಸಿಮ್ಮನ್ನು ಅದಕ್ಕೆ ಹಾಕಿ ಮೂವರೂ ಜಗುಲಿಯ ಮೇಲೆ ಕೂತಿದ್ದೇವೆ. ಎಂಟೂಕಾಲಿಗೆ ಫೋನು ಗಟ್ಟಿಯಾಗಿ ಹೊಡೆದುಕೊಳ್ಳುತ್ತದೆ. ಪರದೆಯ ತುಂಬ 'ಶಾಲೆ ಬೋರು'. ಹಿಂದೆಯೇ ಕೆರೆ, ಆಮೇಲೆ ತೋಪು. ಮೂರೂ ಬಂದವು. ನಾನು ಮಗುವಿನ ಹಾಗೆ ಚಪ್ಪಾಳೆ ತಟ್ಟುತ್ತೇನೆ. ಸಿಂಧುವಿನ ಮುಖ ಅರಳುತ್ತದೆ.

ಮುನಿವೆಂಕಟಪ್ಪ ಮೂರಕ್ಕೂ ಒಂದು ಒತ್ತುತ್ತಾರೆ. ಆಮೇಲೆ ಮಗಳ ಕೈಯಿಂದ ಪಿನ್ನು ಇಸಿದುಕೊಂಡು, ಸಿಮ್ ತೆಗೆದು ಮತ್ತೆ ಹಳೆಯದಕ್ಕೇ ಹಾಕುತ್ತಾರೆ! ನಾನು ಬೆಪ್ಪಾಗುತ್ತೇನೆ.

"ಅಪ್ಪಾ, ಪಾಸಾಯ್ತಲ್ಲ! ಇನ್ನೇನ್ ಬೇಕು ನಿಂಗೆ?"

"ಇವತ್ತು ಪಾಸಾಯ್ತು ಕಣಮ್ಮಾ. ಅದು ರಾತ್ರಿ ತಾನಾಗೇ ಅಪ್‌ಡೇಟ್ ಆಗ್ತದೆ ಅಂತ ನೀನೇ ಅಂದ್ಯಲ್ಲ. ನಾಳೆ ಅದಕ್ಕೆ ಇನ್ನೇನ್ ಬುದ್ಧಿ ಬರ್ತದೋ ಯಾರಿಗ್ ಗೊತ್ತು? ಇದಕ್ಕೆ ಇನ್ಮೇಲೆ ಯಾವ್ ಬುದ್ಧಿನೂ ಬರಲ್ಲ. ಫೋನ್ ಬಂದ್ರೆ ಹೊಡ್ಕೊಳ್ತದೆ, ಅಷ್ಟೆ."

ಅಪ್‌ಡೇಟ್ ಬರುವುದಿಲ್ಲ ಎಂದು ಅಂಗಡಿಯವನು ಹೆದರಿಸಿದ್ದಕ್ಕೇ ನಾನು ನನ್ನ ಹಳೆಯ ಫೋನನ್ನು ಎಸೆದಂತೆ ಕೊಟ್ಟು ಬಂದವನು. ಆ ದೋಷವೇ ಇಲ್ಲಿ ಗುಣವಾಗಿ ಕೂತಿದೆ. ಹೊಸದು ಹಾಜರಿ ಫೋಟೋಕ್ಕೆ, ಹಳೆಯದು ನೀರಿಗೆ. ತೀರ್ಮಾನ ಆಗಿಹೋಯಿತು.

ಸಿಂಧು ಮುಖ ಊದಿಸಿಕೊಳ್ಳುತ್ತಾಳೆ. ಆಮೇಲೆ, ಆ ಡಬ್ಬಿಗೆ ಇನ್ನೊಂದು ನಂಬರ್ ಸೇರಿಸಬಹುದೇ ಎಂದು ಕೇಳುತ್ತಾಳೆ. ಸೇರಿಸಬಹುದು. ಹನ್ನೊಂದು ವರ್ಷದಲ್ಲಿ ಈ ಮಾತು ಪಂಚಾಯಿತಿಯಲ್ಲಿ ಒಬ್ಬರಿಗೂ ಹೊಳೆದಿಲ್ಲ! "ಹಂಗಾದ್ರೆ ನಂದೂ ಹಾಕು. ಶನಿವಾರ ರಾತ್ರಿ ನಾನ್ ಎತ್ತೀನಿ. ನೀನು ಮಲ್ಕೊಳಪ್ಪಾ."

ಮುನಿವೆಂಕಟಪ್ಪ ಮಗಳನ್ನು ದಿಟ್ಟಿಸಿ ನೋಡುತ್ತಾರೆ. ಅವಳ ಫೋನನ್ನು ಕೈಗೆ ತೆಗೆದುಕೊಂಡು ದನಿ ತುದಿ ಮುಟ್ಟುವವರೆಗೂ ಬಟನ್ ಒತ್ತುತ್ತಾರೆ.

"ಮೊದಲ್ನೇ ರಿಂಗಿಗೇ ಎತ್ಬೇಕು, ಇನ್ನೊಂದಕ್ಕೆ ಕಾಯ್ಬಾರ್ದು" ಎನ್ನುತ್ತಾರೆ. "ಊರು ನಮ್ಮನ್ನ ನಂಬ್ಕೊಂಡು ಮಲಗಿರ್ತದೆ ಕಣಮ್ಮಾ."