ಒಂದೂವರೆ ಕೋಣೆಯ ಕಾಡುಕೋಣ

ಕಾಚಿಗೂಡದ ಆ ಒಂದೂವರೆ ಕೋಣೆಯ ಮನೆಯಲ್ಲಿ ಒಂದು ಕೋಣೆ ಹುಲ್ಲು ತುಂಬಿದ ಕಾಡುಕೋಣದ ತಲೆಯದು. ಉಳಿದರ್ಧ ಗೊಲ್ಲಾಳಪ್ಪನವರದು ಮತ್ತು ಹೆಂಡತಿ ಉಮಾಬಾಯಿಯದು. ಅರವತ್ತು ವರ್ಷದ ಹಿಂದೆ ಸಾಹೇಬರೊಬ್ಬರ ಜೊತೆ ಶಿಕಾರಿಗೆ ಹೋದಾಗ ಗೊಲ್ಲಾಳಪ್ಪನವರಿಗೆ ಸಿಕ್ಕ ಕಾಣಿಕೆ ಆ ತಲೆ. ಕೊಂಬು ಬಾಗಿಲವರೆಗೂ ಚಾಚಿರುವುದರಿಂದ ಬಂದವರೆಲ್ಲ ತಲೆ ಬಗ್ಗಿಸಿಯೇ ಒಳಬರಬೇಕು. ಗೊಲ್ಲಾಳಪ್ಪನವರು ಅದನ್ನು ತಮಗೆ ಮಾಡಿದ ನಮಸ್ಕಾರವೆಂದೇ ತಿಳಿದು "ಇರಲಿ ಇರಲಿ, ಕೂಡ್ರಿ" ಎನ್ನುತ್ತಾರೆ. "ಇದನ್ನ ಯಾರಿಗರೆ ಕೊಟ್ಟಿದ್ರ ಮಲಗಾಕ ಒಂದು ಹೊರಸರೆ ಹಾಕಬಹುದಿತ್ತಲ್ರಿ" ಎಂದು ಉಮಾಬಾಯಿ ಕೊಂಬಿಗೆ ಕಾಯಿಪಲ್ಯದ ಚೀಲ ತೂಗುಹಾಕುತ್ತಾ ಗೊಣಗಿದರೆ, "ಅದಕ್ಕ ನಾವು ಬಿಟ್ರ ಯಾರದಾರ?" ಎನ್ನುತ್ತಾರೆ. ಗುಂಡು ಹೊಡೆದವರು ಯಾರೆಂದು ಕೇಳಿದರೆ ಮಾತ್ರ ದನಿ ಇಳಿಯುತ್ತದೆ: "ಸಾಹೇಬ್ರು. ಡಬ್ಬಿ ಬಡದು ಅದನ್ನ ಬಂದೂಕಿನ ಮುಂದ ಓಡಿಸಿದಾಂವ ನಾನು." ದಿನಾ ಬೆಳಿಗ್ಗೆ ವಿಭೂತಿಯನ್ನು ಅವರು ಮೊದಲು ಹಚ್ಚುವುದು ಅದರ ಹಣೆಗೆ, ಆಮೇಲೆ ತಮ್ಮ ಹಣೆಗೆ.