ಅತ್ತಿಗೆಯ ಸೀಟಿನಲ್ಲಿ ಕೂತು ಹೋದವಳು

ಲಲಿತತ್ತಿಗೆ, ಆ ದಿನ ಮಂಗಳೂರಿಗೆ ಹೊರಟ ಕಾರಿನಲ್ಲಿ ನಿಮ್ಮ ಸೀಟನ್ನು ಕದ್ದವಳು ನಾನು. ನನ್ನ ಹೃದಯಕ್ಕೆ ಏನೂ ಆಗಿರಲಿಲ್ಲ. ಹಸಿ ಅಡಿಕೆ ಜಗಿದಿದ್ದೆ — ಅಷ್ಟೇ.

ಇಷ್ಟು ಟೈಪ್ ಮಾಡುವುದರೊಳಗೆ ನನ್ನ ಚಹಾ ತಣ್ಣಗಾಯಿತು. ಮೊಮ್ಮಗಳು ಫೋನಿನಲ್ಲಿ ಕನ್ನಡ ಬರೆಯಲು ಕಲಿಸಿಕೊಟ್ಟ ಮೇಲೆ ಕುಟುಂಬದವರಿಗೆಲ್ಲ ದಿನಾ ಏನಾದರೂ ಬರೆದು ಕಾಟ ಕೊಡುತ್ತಿದ್ದೇನೆ. ನಿಮಗೆ ಬರೆಯಬೇಕಾದದ್ದನ್ನು ಮಾತ್ರ ಬರೆದಿರಲಿಲ್ಲ. ಮೊನ್ನೆ ಪುತ್ತೂರಿನಲ್ಲಿ ಹೃದಯದ ಎಕೋ ಪರೀಕ್ಷೆ ಮಾಡುವ ಹುಡುಗಿಗೆ ನೀವು ನನ್ನನ್ನು ತೋರಿಸಿ ಹೇಳಿದಿರಿ: "ಇವಳು ನನ್ನ ನಾದಿನಿ. ಇವಳು ಇಲ್ಲದಿದ್ರೆ ನಾನು ಆ ವರ್ಷವೇ ಹೋಗ್ತಿದ್ದೆ ಮಾರಾಯ್ತಿ." ಪರದೆಯ ಮೇಲೆ ನಿಮ್ಮ ಹೃದಯ ತೆರೆದು ಮುಚ್ಚಿ ತನ್ನ ಕೆಲಸ ಮಾಡುತ್ತಿತ್ತು. ಅದನ್ನು ನೋಡಲಾಗದೆ ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಅದು ಅರುವತ್ತರ ದಶಕ. ನಾವಾಗ ಪಂಜದಲ್ಲಿದ್ದೆವು. ನೀವು ಮದುವೆಯಾಗಿ ಬಂದು ವರ್ಷವಾಗಿತ್ತು. ಅಣ್ಣ ಕೆಲಸದ ಮೇಲೆ ಮಡಿಕೇರಿಯಲ್ಲಿದ್ದ. ಒಂದು ಕೊಡ ನೀರು ಸೇದಿದರೆ ನೀವು ಬಾವಿಕಟ್ಟೆಯ ಮೇಲೆ ಕೂತುಬಿಡುತ್ತಿದ್ದಿರಿ. "ನಮ್ಮ ಸೊಸೆಗೆ ಬಾವಿಕಟ್ಟೆಯೇ ಸಿಂಹಾಸನ" ಎಂದು ಅಮ್ಮ ಚುಚ್ಚುತ್ತಿದ್ದರು. ಕೊನೆಗೆ ಪುತ್ತೂರಿನ ಡಾಕ್ಟರು ನಿಮ್ಮ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, "ಒಳಗೆ ಒಂದು ಬೇರೆ ಸದ್ದು ಉಂಟು. ಮಂಗಳೂರಿಗೆ ಹೋಗಿ ಇಸಿಜಿ ತೆಗೆಸಿ" ಎಂದರು. ಬಸ್ಸಿನಲ್ಲಿ ನಿಮಗೆ ಉಸಿರು ಕಟ್ಟುತ್ತಿತ್ತು. ಅಪ್ಪನ ಗುರ್ತದ ವ್ಯಾಪಾರಿಯೊಬ್ಬರು ತಮ್ಮ ಕಾರಿನಲ್ಲಿ ಎರಡು ಸೀಟು ಕೊಡುತ್ತೇನೆಂದರು. ಅಪ್ಪನಿಗೊಂದು, ನಿಮಗೊಂದು.

ಮಂಗಳೂರಿನಲ್ಲಿ ಗಾಜಿನ ಬಟ್ಟಲಲ್ಲಿ ಐಸ್‌ಕ್ರೀಮ್ ಕೊಡುತ್ತಾರೆಂದು ಯಾರೋ ಹೇಳಿದ್ದರು. ನನಗೆ ಅದನ್ನು ತಿನ್ನಬೇಕಿತ್ತು. ಇಷ್ಟೇ ಕಾರಣ ಅತ್ತಿಗೆ. ಇದಕ್ಕಿಂತ ದೊಡ್ಡದೊಂದು ಕಾರಣ ಇದ್ದಿದ್ದರೆ ಹೇಳಲು ಸುಲಭವಾಗುತ್ತಿತ್ತೋ ಏನೋ —

ಹಸಿ ಅಡಿಕೆ ಸೊಕ್ಕಿದರೆ ತಲೆ ತಿರುಗಿ, ಬೆವರು ಕಿತ್ತು ಬಂದು, ಎದೆ ಡವಡವ ಹೊಡೆದುಕೊಳ್ಳುತ್ತದೆಂದು ನಮ್ಮೂರಿನ ಸಣ್ಣ ಮಕ್ಕಳಿಗೂ ಗೊತ್ತು. ಕಾರು ಬರುವ ಹೊತ್ತು ನೋಡಿ ಹಿತ್ತಲಲ್ಲಿ ನಿಂತು ಜಗಿದೆ, ಬಾಯಿ ಮುಕ್ಕಳಿಸಿದೆ, ಜಗಲಿಗೆ ಬಂದು ಬಿದ್ದೆ. ನಟನೆಯೇನೂ ಬೇಕಾಗಲಿಲ್ಲ. ಬೇರೆ ದಿನವಾಗಿದ್ದರೆ ಅಮ್ಮ ಬಾಯಿ ಮೂಸಿ, ಒಂದು ಪೆಟ್ಟು ಕೊಟ್ಟು, ಬೆಲ್ಲದ ನೀರು ಕುಡಿಸುತ್ತಿದ್ದರು. ಆದರೆ ನಿಮ್ಮ ಹೃದಯದ ಸುದ್ದಿಯಿಂದ ಆಗಲೇ ಹೆದರಿದ್ದ ಮನೆಯಲ್ಲಿ ಯಾರಿಗೂ ಅಡಿಕೆ ನೆನಪಾಗಲಿಲ್ಲ. "ಅಯ್ಯೋ, ಇವಳಿಗೂ ಬಂತಲ್ಲ!" ಎಂದು ಅಮ್ಮ ಕೂಗಿದರು.

ಆಗ ನೀವು ನಿಮ್ಮ ಒಳ್ಳೆಯ ಸೀರೆಯ ಸೆರಗಿನಿಂದ ನನ್ನ ಬೆವರು ಒರೆಸಿ ಅಪ್ಪನಿಗೆ ಹೇಳಿದಿರಿ — "ಮಾವ, ಇವಳನ್ನು ಕರ್ಕೊಂಡು ಹೋಗಿ. ಸಣ್ಣ ಪ್ರಾಯ. ನನ್ನದೆಂತ, ಇನ್ನೊಮ್ಮೆ ಹೋದ್ರಾಯ್ತು."

ನಾನು ಅಡಿಕೆಯ ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

ಮಂಗಳೂರು ತಲುಪುವಾಗ ಅಡಿಕೆಯ ಸೊಕ್ಕು ಇಳಿದಿತ್ತು. ಕೈಕಾಲಿಗೆ ತಣ್ಣನೆಯ ಲೇಪ ಹಚ್ಚಿ ಪಟ್ಟಿ ಕಟ್ಟಿದರು, ಎದೆಗೆ ರಬ್ಬರಿನ ಬುರುಡೆ ಅಂಟಿಸಿದರು. ನೋವಿಲ್ಲ, ಸೂಜಿಯಿಲ್ಲ. ಯಂತ್ರದಿಂದ ಉದ್ದದ ಕಾಗದ ಹೊರಬಂತು, ಅದರ ತುಂಬ ನನ್ನ ಹೃದಯದ ಗೆರೆ. ಎಲ್ಲ ಸರಿಯಿತ್ತು. "ಬೆಳಿಗ್ಗೆ ಎಂತ ತಿಂದದ್ದು?" ಎಂದು ಡಾಕ್ಟರು ಕೇಳಿದರು. "ದೋಸೆ" ಎಂದೆ.

ಹೊರಗೆ ಬಂದು ಅಪ್ಪನಲ್ಲಿ ಮೆಲ್ಲ ಐಸ್‌ಕ್ರೀಮ್ ಕೇಳಿದೆ. "ನಿನಗೆ ಮಂಡೆ ಸಮ ಉಂಟಾ? ಎದೆಗೆ ತಂಪು ಹಿಡಿದ್ರೆ ಯಾರು ನೋಡುದು?" ಎಂದು ಬೈದು ಬಿಸಿ ಹಾಲು ಕುಡಿಸಿದರು. ಈಗ ನೀವು ನಗುತ್ತೀರಿ ಎಂದು ಗೊತ್ತು. ನಗಬೇಡಿ, ಇನ್ನೂ ಉಂಟು.

ಆ ವಾರವೇ ಮಳೆ ಹಿಡಿಯಿತು. ಹೊಳೆ ತುಂಬಿ ಕಾರು ಈಚೆ ಬರುವುದು ನಿಂತಿತು. "ಇನ್ನೊಮ್ಮೆ" ಎಂಬುದು ಮಳೆಗಾಲ ಮುಗಿಯುವವರೆಗೆ ಬರಲಿಲ್ಲ. ನಿಮಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಿರಿ. ನಾನು ಬಾವಿಯ ಹಗ್ಗ ನಿಮ್ಮ ಕೈಯಿಂದ ಕಿತ್ತುಕೊಂಡೆ, ರುಬ್ಬುವ ಕಲ್ಲು ನನ್ನದಾಯಿತು. ನೀವು ಅದನ್ನು ಪ್ರೀತಿ ಎಂದುಕೊಂಡಿರಿ. ಶುರುವಿನಲ್ಲಿ ಅದು ಪ್ರೀತಿಯಾಗಿರಲಿಲ್ಲ — ನೀವು ಸತ್ತರೆ ಕೊಂದವಳು ನಾನು ಎಂಬ ಹೆದರಿಕೆ. ಅದು ಯಾವಾಗ ಪ್ರೀತಿಯಾಯಿತೋ, ಹೇಳಲಾರೆ.

ಮಳೆ ಬಿಟ್ಟ ಮೇಲೆ ನಿಮ್ಮ ಜೊತೆ ನಾನೂ ಮಂಗಳೂರಿಗೆ ಬಂದೆ. ಅದೇ ಡಾಕ್ಟರು, ಅದೇ ಯಂತ್ರ. ಈ ಸಲ ಗೆರೆ ಸರಿಯಿರಲಿಲ್ಲ. ಸಣ್ಣವರಿದ್ದಾಗ ಬಂದ ಗಂಟುನೋವಿನ ಜ್ವರ ನಿಮ್ಮ ಹೃದಯದ ಒಂದು ಕವಾಟವನ್ನು ಕಿರಿದು ಮಾಡಿತ್ತು. "ಮಳೆಗೆ ಮೊದಲೇ ಕರ್ಕೊಂಡು ಬರ್ಬೇಕಿತ್ತು" ಎಂದರು ಡಾಕ್ಟರು. ಅಪ್ಪ ತಲೆ ತಗ್ಗಿಸಿ, "ಆವತ್ತು ಇವಳಿಗೆ ಸೌಖ್ಯ ಇಲ್ಲದೆ…" ಎನ್ನುವಷ್ಟರಲ್ಲಿ ನೀವು, "ಅವಳೆಂತ ಮಾಡುದು ಮಾವ, ಪಾಪ" ಎಂದಿರಿ.

ಆ "ಪಾಪ"ವನ್ನು ನಾನು ಇಷ್ಟು ವರ್ಷ ಹೊತ್ತುಕೊಂಡಿದ್ದೇನೆ.

ಗುಳಿಗೆ, ಸೂಜಿ, ಮುಂದೆ ಮದ್ರಾಸಿನಲ್ಲಿ ಆಪರೇಷನ್ — ನೀವು ಉಳಿದಿರಿ. ಎರಡು ಮಕ್ಕಳನ್ನು ಹೆತ್ತಿರಿ. ತುಂಬಿದ ಕೊಡ ಹೊತ್ತು ಎಲ್ಲಿಯೂ ಕೂರದೆ ನೀವು ಅಡುಗೆಮನೆಗೆ ನಡೆದ ದಿನ ಅಮ್ಮ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಹಾಗೆಂದು ನಾನು ಮಾಡಿದ್ದು ಸಣ್ಣದಾಗುವುದಿಲ್ಲ. ನೀವು ಉಳಿದದ್ದು ಡಾಕ್ಟರಿಂದ, ನಿಮ್ಮ ಗಟ್ಟಿ ಜೀವದಿಂದ. ನನ್ನಿಂದ ಅಲ್ಲ. ಆ ಮಳೆಗಾಲದ ಕಷ್ಟ ಮಾತ್ರ ಪೂರ್ತಿ ನನ್ನಿಂದ.

ಇನ್ನು ಯಾರಿಗೂ ನನ್ನನ್ನು ಹಾಗೆ ಪರಿಚಯ ಮಾಡಿಕೊಡಬೇಡಿ. ಮುಂದಿನ ಪರೀಕ್ಷೆಗೂ ಬರುತ್ತೇನೆ. ಒಳಗೆ ಕರೆದರೆ ಒಳಗೆ, ಇಲ್ಲದಿದ್ದರೆ ಹೊರಗಿನ ಬೆಂಚಿನಲ್ಲಿ.

ಓದಿ ಮುಗಿದ ಮೇಲೆ ಫೋನ್ ಮಾಡಿ. ಬೈಯಿರಿ ಅತ್ತಿಗೆ, ಮನಸ್ಸು ತುಂಬ ಬೈಯಿರಿ. ನಡುವೆ ನಿಲ್ಲಿಸದೆ ಬೈಯುವಷ್ಟು ಉಸಿರು ಈಗ ನಿಮಗೆ ಉಂಟು. ನಾನು ಎದುರು ಮಾತಾಡದೆ ಕೇಳುತ್ತೇನೆ.